ದಪ್ಪ ತಂತಿಯ ಗಿಟಾರು

ಅಂಗಡಿಗೆ ಹೋದರೆ ಯಾವ ಸಾಮಾನನ್ನೇ ಆಗಲಿ ಮೊದಲು ಕೈಯಲ್ಲೆತ್ತಿ ತೂಗಿ ನೋಡುವ ಚಾಳಿ ನನಗಿದೆ. ಬೀಗವಾಗಲಿ, ಚಪ್ಪಲಿಯಾಗಲಿ, ಬೆಲೆ ಕೇಳುವುದು ಆಮೇಲೆ. ಮೊನ್ನೆ ಹೆಂಡತಿಯ ಜೊತೆ ಕುಕ್ಕರ್ ತರಲು ಹೋದಾಗ ನಾಲ್ಕು ಕುಕ್ಕರುಗಳನ್ನು ಒಂದೊಂದಾಗಿ ಎತ್ತಿ ಇಳಿಸಿ ಐದನೆಯದಕ್ಕೆ ಕೈ ಹಾಕುವಷ್ಟರಲ್ಲಿ ಎಡ ಭುಜ ಚುಳುಕ್ ಎಂದಿತು. ಅಂಗಡಿಯವನ ಎದುರೇ ಹೆಂಡತಿ, "ಅದನ್ನೇನು ಹೊತ್ಕೊಂಡು ಊರು ಸುತ್ತಬೇಕಾ? ಕೆಳಗಿಡಿ. ಥೇಟ್ ನಿಮ್ಮಪ್ಪನ ಬುದ್ಧಿ" ಎಂದಳು. ಇಟ್ಟೆ. ಮೊದಲಾಗಿದ್ದರೆ ವಾದ ಮಾಡುತ್ತಿದ್ದೆ. ನಲವತ್ತೈದು ದಾಟಿದ ಮೇಲೆ ದಣಿಯುವುದಕ್ಕೆ ಕಾರಣ ಬೇಕಾಗುವುದಿಲ್ಲ, ಬೆಳಿಗ್ಗೆ ಎದ್ದರೆ ಸಾಕು. ಹಗುರವಾದ ಕುಕ್ಕರೇ ಮನೆಗೆ ಬಂತು. ಅನ್ನ ಚೆನ್ನಾಗಿಯೇ ಆಗುತ್ತಿದೆ.

ಅವಳು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಅದು ಅಪ್ಪನ ಬುದ್ಧಿಯೇ. ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಂಪಗೆ ಕಾದ ಕಬ್ಬಿಣವನ್ನು ಯಂತ್ರದ ಸುತ್ತಿಗೆಯಿಂದ ಬಡಿಯುವ ವಿಭಾಗದಲ್ಲಿ ಜೀವಮಾನ ಕಳೆದವನು. ಅವನ ಪ್ರಕಾರ ಜಗತ್ತಿನಲ್ಲಿ ಎರಡೇ ಬಗೆಯ ಮಾಲು: ತೂಕ ಇರುವುದು, ತೂಕ ಇಲ್ಲದ್ದು. ಬದನೆಕಾಯಿಯನ್ನೂ ಹಾಗೇ ಕೊಳ್ಳುತ್ತಿದ್ದ, ಬೀಜ ತುಂಬಿದ್ದೇ ಮನೆಗೆ ಬರುತ್ತಿತ್ತು. ನನ್ನ ಗಿಟಾರನ್ನೂ ಹಾಗೇ ಕೊಂಡ. ಭುಜ ಚುಳುಕ್ ಎಂದಾಗಲೆಲ್ಲ ನನಗೆ ಆ ಗಿಟಾರು ನೆನಪಾಗುತ್ತದೆ. ಆರು ವರ್ಷ ಅದನ್ನು ಹೊತ್ತದ್ದು ಇದೇ ಭುಜ.

ನಮ್ಮ ಕಾಲೊನಿಯ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಅಲ್ಲಿ ಯಾರೂ ಮೆಲ್ಲಗೆ ಮಾತಾಡುತ್ತಿರಲಿಲ್ಲ. ಉಪ್ಪು ಕೇಳುವುದೂ ಜಗಳವಾಡುವುದೂ ಒಂದೇ ಗಂಟಲಿನಲ್ಲಿ. ಗಂಡಸರು ಊಟಕ್ಕೆ ಕೂತರೆ ಕೈಸನ್ನೆಯಲ್ಲೇ ಸಾರು, ಮಜ್ಜಿಗೆ ಕೇಳುತ್ತಿದ್ದರು. ಹೆಬ್ಬೆರಳು ಮೇಲೆತ್ತಿದರೆ ಇನ್ನಷ್ಟು, ಅಂಗೈ ಅಡ್ಡ ಹಿಡಿದರೆ ಸಾಕು. ಅದು ಕಾರ್ಖಾನೆಯ ಭಾಷೆ, ಸದ್ದಿನ ನಡುವೆ ಬಾಯಿ ಉಪಯೋಗಕ್ಕೆ ಬಾರದ ಜಾಗದ ಭಾಷೆ. ಹೊಳೆಹೊನ್ನೂರಿನ ಚಿಕ್ಕಮ್ಮ ಬಂದಾಗ, "ನಿಮ್ಮನೇಲಿ ಯಾಕಿಷ್ಟು ಕೂಗಾಡ್ತೀರಿ ಮಾರಾಯ್ತಿ?" ಎಂದು ಅಮ್ಮನನ್ನು ಕೇಳಿದ್ದಳು. ಅಮ್ಮನಿಗೆ ಸಿಟ್ಟು ಬಂದಿತ್ತು. "ನಾವೆಲ್ಲಿ ಕೂಗಾಡ್ತೀವಿ?" ಎಂದು ಕೂಗಿದ್ದಳು.

ಇನ್ನು ಗಿಟಾರಿನ ಹುಚ್ಚು. ತೊಂಬತ್ತರ ದಶಕದ ಕೊನೆ, ನಾನು ಪಿಯುಸಿಯಲ್ಲಿ ಭೌತಶಾಸ್ತ್ರದ ಜೊತೆ ಗುದ್ದಾಡುತ್ತಿದ್ದ ಕಾಲ. ಗಣೇಶನ ಹಬ್ಬಕ್ಕೆ ಶಿವಮೊಗ್ಗದಿಂದ ಒಂದು ಆರ್ಕೆಸ್ಟ್ರಾ ಬಂತು. ಅದರಲ್ಲೊಬ್ಬ ಗಿಟಾರಿನವನು. ಹಾಡು ನಡುವೆ ನಿಂತಾಗ ಅವನೊಬ್ಬನೇ ಮುಂದೆ ಬಂದ, ದೀಪ ಅವನ ಮೇಲೆ ಬಿತ್ತು. ಅವನು ಕಣ್ಣು ಮುಚ್ಚಿ ತಂತಿಯನ್ನು ಮೇಲೆಳೆದ ಕೂಡಲೇ ಹೆಂಗಸರ ಸಾಲಿನಲ್ಲಿ ಮಾತು ನಿಂತುಹೋಯಿತು. ನಮ್ಮ ಕಾಲೊನಿಯಲ್ಲಿ ಹೆಂಗಸರ ಸಾಲು ಸುಮ್ಮನಾಗುವುದೆಂದರೆ ಸಣ್ಣ ವಿಷಯವಲ್ಲ. ನನಗೂ ಅದು ಬೇಕಾಯಿತು. ಎಲ್ಲರಿಗೂ, ಮುಖ್ಯವಾಗಿ ಅಪ್ಪನಿಗೆ, ಈ ಸದ್ದು ಇವನ ಕೈಯಿಂದ ಬಂದದ್ದು ಎಂದು ಗೊತ್ತಾಗಬೇಕು. ಓದಿನಲ್ಲಿ ಅಂಥದ್ದು ಆಗುವ ಲಕ್ಷಣ ಕಾಣುತ್ತಿರಲಿಲ್ಲ.

ಪಕ್ಕದ ಸಾಲುಮನೆಯ ಸೆಲ್ವ, ಕ್ರೇನ್ ಓಡಿಸುತ್ತಿದ್ದ ಮುರುಗೇಶಣ್ಣನ ಮಗ, ಆಗಲೇ ಒಂದು ಕೀಬೋರ್ಡ್ ಸಂಪಾದಿಸಿ ಕಾಲೊನಿಯದೇ ಆರ್ಕೆಸ್ಟ್ರಾ ಕಟ್ಟುತ್ತಿದ್ದ. ನಾನು ಸೇರಲೇ ಎಂದು ಕೇಳಿದೆ. "ಡೇಯ್, ಗಿಟಾರ್ ತಂದ್ರೆ ಸ್ಟೇಜ್ ಮೇಲೆ ಬಾ. ಇಲ್ಲಾಂದ್ರೆ ಕುರ್ಚಿ ಹಾಕಕ್ಕೆ ಬಾ, ಅದಕ್ಕೂ ಆಳು ಬೇಕು" ಎಂದ.

ಮನೆಯಲ್ಲಿ ವಿಷಯ ಎತ್ತಿದೆ. ಎಲೆಕ್ಟ್ರಿಕ್ ಎಂಬ ಮಾತಿಗೆ ಅಮ್ಮ ಹೆದರಿದಳು. "ಮಳೆಗಾಲದಲ್ಲಿ ಶಾಕ್ ಹೊಡೆದ್ರೆ ಏನ್ಮಾಡ್ತೀಯ? ಕೊಳಲು ಕಲಿ, ಅದಕ್ಕೆ ಕರೆಂಟೂ ಬೇಡ" ಎಂದಳು. ಅಪ್ಪ ಏನೂ ಹೇಳಲಿಲ್ಲ. ಕೇಳಿಸಿತೋ ಇಲ್ಲವೋ ಎಂದು ನಾನು ಇನ್ನೊಂದು ಸಲ ಕೂಗಿ ಹೇಳಿದೆ. ಅವನು ಅಂಗೈ ಅಡ್ಡ ಹಿಡಿದ. ಸಾಕು ಎಂದರ್ಥ. ಮುಂದಿನ ವರ್ಷದ ಬೋನಸ್ ಬಂದ ವಾರ, ರಾತ್ರಿಪಾಳಿ ಮುಗಿಸಿ ಬಂದವನು ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿಕೊಂಡು, "ನಡಿ, ಶಿವಮೊಗ್ಗಕ್ಕೆ ಹೋಗೋಣ. ಅದೇನೋ ಅಂದ್ಯಲ್ಲ" ಎಂದ. ನಿದ್ದೆ ಮಾಡಿ ಸಂಜೆ ಹೋಗೋಣ ಎಂದು ಅಮ್ಮ ಹೇಳಿದರೂ ಕೇಳಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಮಲಗಿದ. ರಸ್ತೆಯ ಪ್ರತಿ ಗುಂಡಿಗೂ ಅವನ ತಲೆ ಸರಳಿಗೆ ಟಣ್ ಎಂದು ಬಡಿಯುತ್ತಿತ್ತು, ಎಚ್ಚರ ಮಾತ್ರ ಆಗಲಿಲ್ಲ.

ಮೊದಲ ಗಿಟಾರು ಕೊಳ್ಳುವ ಮಕ್ಕಳಿಗೆ ಈಗ ಎಲ್ಲ ಗೊತ್ತಿರುತ್ತದೆ. ಅದರ ಮರ ಯಾವುದು, ತಂತಿಯ ದಪ್ಪ ಎಷ್ಟು, ಯಾವ ಬೆಲೆಗೆ ಯಾವುದು ಒಳ್ಳೆಯದು, ಎಲ್ಲ ಮೊಬೈಲಿನಲ್ಲಿ ನೋಡಿಕೊಂಡೇ ಬರುತ್ತಾರೆ. ನನಗೆ ಗೊತ್ತಿದ್ದದ್ದು ಒಂದೇ: ದೂರದಿಂದ ಅದು ಹೇಗೆ ಕಾಣುತ್ತದೆ ಎಂಬುದು. ಹತ್ತಿರದಿಂದ ನಾನು ಎಲೆಕ್ಟ್ರಿಕ್ ಗಿಟಾರನ್ನು ನೋಡಿಯೇ ಇರಲಿಲ್ಲ.

ಬಿಸಿಲಿನಲ್ಲಿ ಗಾಂಧಿ ಬಜಾರನ್ನು ಎರಡು ಸಲ ಸುತ್ತಿದೆವು. ಎಲ್ಲ ಕಡೆ ಪಾತ್ರೆ, ಬಟ್ಟೆ, ಬಂಗಾರ. ಒಬ್ಬ ಪುಣ್ಯಾತ್ಮ ಪ್ಲಾಸ್ಟಿಕ್ ಆಟಿಕೆಯ ಗಿಟಾರು ತೋರಿಸಿ, "ಇದೇನಾ?" ಎಂದ. ಅಪ್ಪ ಅದನ್ನೂ ಕೈಯಲ್ಲಿ ತೂಗಿ ಬೇಡವೆಂದು ತಲೆಯಾಡಿಸಿದ. ಕೊನೆಗೆ ಕೋಟೆಯ ಕಡೆಯ ಒಂದು ಓಣಿಯಲ್ಲಿ ಹಾರ್ಮೋನಿಯಂ, ತಬಲ ರಿಪೇರಿ ಮಾಡುವ ಖಾದರ್ ಭಾಯ್ ಅಂಗಡಿ ಸಿಕ್ಕಿತು. ಒಳಗೆ ಗೋಡೆಗೆ ನಾಲ್ಕು ಗಿಟಾರುಗಳು ನೇತಾಡುತ್ತಿದ್ದವು. ಅಪ್ಪ ಸ್ಟೂಲಿನ ಮೇಲೆ ಕೂತು ಗೋಡೆಗೆ ಒರಗಿದ. ಕೂತದ್ದೇ ತಡ, ಕಣ್ಣು ಮುಚ್ಚಿದವು.

ಖಾದರ್ ಭಾಯ್ ಒಳ್ಳೆಯ ಮನುಷ್ಯ. ಒಂದೊಂದನ್ನೇ ಇಳಿಸಿ, ಸಣ್ಣ ಆಂಪ್ಲಿಫೈಯರ್ ಪೆಟ್ಟಿಗೆಗೆ ವೈರು ಸಿಕ್ಕಿಸಿ ನುಡಿಸಿ ತೋರಿಸಿದರು. ಮೊದಲನೆಯದು ಕೆಂಪು, ಹೊಸದು, ಕಣ್ಣು ಕುಕ್ಕುವಂಥದ್ದು. ಬೆಲೆಯೂ ಹಾಗೇ ಇತ್ತು. ಎರಡನೆಯದು ಕಪ್ಪು, ಸ್ವಿಚ್ ಮುಟ್ಟಿದರೆ ಕರಕರ ಎನ್ನುತ್ತಿತ್ತು. ಮೂರನೆಯದು ಕಂದು ಬಣ್ಣದ ಕಲ್ಕತ್ತಾ ಮಾಲು. "ಕಲಿಯೋರಿಗೆ ಇದು ಬೆಸ್ಟ್ ಬೇಟಾ. ಸಸ್ತಾನೂ ಆಯ್ತು, ಮಜಬೂತೂ ಆಯ್ತು" ಎಂದು ಅದರ ಸಣ್ಣ ತಂತಿಯ ಮೇಲೆ ಒಂದು ರಾಗ ಎಳೆದರು. ನನ್ನ ಮೈ ಜುಮ್ಮೆಂದಿತು. ಇದೇ ಸಾಕು ಎಂದು ಅಪ್ಪನ ಕಡೆ ತಿರುಗಿದರೆ ಅವನು ಬಾಯಿ ತೆರೆದು ಮಲಗಿದ್ದ. ಕೆಂಪಿನದಕ್ಕೂ ಎಚ್ಚರವಾಗಿರಲಿಲ್ಲ, ಕಂದಿನದಕ್ಕೂ ಆಗಲಿಲ್ಲ.

ನಾಲ್ಕನೆಯದು ಮೂಲೆಯಲ್ಲಿ ಧೂಳು ಹಿಡಿದಿತ್ತು. ಉಳಿದವಕ್ಕಿಂತ ಉದ್ದ, ಅದಕ್ಕೆ ನಾಲ್ಕೇ ತಂತಿ, ಅವೂ ಹಗ್ಗದ ಹಾಗೆ ದಪ್ಪ. ಮುಚ್ಚಿಹೋದ ಯಾವುದೋ ಆರ್ಕೆಸ್ಟ್ರಾದವರು ಬಿಟ್ಟುಹೋದದ್ದಂತೆ. ತೋರಿಸಿದರೆ ತೋರಿಸಿದ ಹಾಗಾಯಿತು ಎಂದು ಖಾದರ್ ಭಾಯ್ ವೈರು ಸಿಕ್ಕಿಸಿ ಮೇಲಿನ ತಂತಿಯನ್ನು ಹೆಬ್ಬೆರಳಿನಿಂದ ಒಂದು ಸಲ ಮೀಟಿದರು. ಧುಂ ಎಂದಿತು. ಅಪ್ಪ ಕಣ್ಣು ಬಿಟ್ಟ.

"ಏನದು?" ಎಂದ. "ಇನ್ನೊಂದ್ಸಲ ಬಾರಿಸಿ." ಬಾರಿಸಿದರು. ಅಪ್ಪ ಎದ್ದು ಬಂದು ಅದನ್ನು ಎರಡೂ ಕೈಯಲ್ಲಿ ಎತ್ತಿದ, ಮೇಲೆ ಕೆಳಗೆ ತೂಗಿದ. ಒಂದು ಕಣ್ಣು ಮುಚ್ಚಿ, ಕಬ್ಬಿಣದ ಸರಳು ಬಾಗಿದೆಯೇ ಎಂದು ನೋಡುವ ಹಾಗೆ ಅದರ ಕುತ್ತಿಗೆಯುದ್ದಕ್ಕೂ ನೋಡಿದ. ಗಿಟಾರನ್ನು ಪರೀಕ್ಷಿಸುವ ಸರಿಯಾದ ಕ್ರಮ ಅದೇ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಆಮೇಲೆ ತಂತಿಯನ್ನು ಉಗುರಿನಿಂದ ಕೆರೆದು, "ತಂತಿ ಅಂದ್ರೆ ಇದು. ಆ ಮೂರರದ್ದು ನೂಲಿದ್ದಂಗಿದೆ, ಎರಡೇ ದಿನಕ್ಕೆ ಪಟ್ ಅನ್ನುತ್ತೆ. ಇದು ಮಾಲು" ಎಂದು ತೀರ್ಪು ಕೊಟ್ಟ.

ಖಾದರ್ ಭಾಯ್ ಮೋಸದ ಆಸಾಮಿಯಲ್ಲ. "ಸಾರ್, ಇದು ಬೇಸು. ಇದರ ಕೆಲಸಾನೇ ಬೇರೆ" ಎಂದರು. ಅಪ್ಪ ತಂತಿ ನೋಡುವುದರಲ್ಲೇ ಮುಳುಗಿದ್ದ. ಅವರು ನನ್ನ ಕಡೆ ತಿರುಗಿ, "ಬೇಸ್ ಅಂದ್ರೆ ಗೊತ್ತಲ್ಲ ಬೇಟಾ?" ಎಂದು ಕೇಳಿದರು. ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ಹದಿನೇಳು ವರ್ಷದವನಿಗೆ ಬಾಯಿ ಬರುತ್ತದೆಯೇ? "ಹೂಂ, ಗೊತ್ತು" ಎಂದು ಗೋಣು ಹಾಕಿದೆ. ನಾಲ್ಕೇ ತಂತಿ, ಕಲಿಯುವುದು ಸುಲಭವಿರಬೇಕು ಎಂದುಕೊಂಡೆ. ಯಾರೂ ಕೇಳದ ಮಾಲಾದ್ದರಿಂದ ಎಲ್ಲಕ್ಕಿಂತ ಅಗ್ಗವಾಗಿಯೂ ಇತ್ತು. ಬಸ್ಸಿನಲ್ಲಿ ಅಪ್ಪ ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಭದ್ರಾವತಿಯವರೆಗೂ ನಿದ್ದೆ ಮಾಡದೆ ಕೂತಿದ್ದ.

ಸೆಲ್ವ ಅದನ್ನು ನೋಡಿ ಬಿದ್ದು ಬಿದ್ದು ನಕ್ಕ. "ಮಚ್ಚಾ, ಇದು ಬೇಸ್ ಗಿಟಾರ್ ಕಣೋ! ಇದರಲ್ಲಿ ರಾಗ ಗೀಗ ಬಾರ್ಸಲ್ಲ. ಹಾಡಿನ ಅಡಿಯಲ್ಲಿ ಧುಂ ಧುಂ ಅಂತಿರಬೇಕು, ಅಷ್ಟೆ. ಮನೆಗೆ ಪಾಯ ಇರುತ್ತಲ್ಲ, ಹಂಗೆ." ಪಾಯವನ್ನು ಯಾರು ನೋಡುತ್ತಾರೆ, ನೀವೇ ಹೇಳಿ. ಅವನಿಗೆ ಮಾತ್ರ ಖುಷಿಯಾಗಿತ್ತು, ಬೇಸಿನವನು ತಾನಾಗಿಯೇ ಸಿಕ್ಕಿದ್ದ. ಮರುವಾರ ಕ್ಯಾಂಟೀನ್ ಕಂಟ್ರಾಕ್ಟರ ಮಗ ಪ್ರಕಾಶ ಬಂದು ಸೇರಿದ. ಅವನ ಕೈಯಲ್ಲಿ ಖಾದರ್ ಭಾಯ್ ಅಂಗಡಿಯ ಆ ಕೆಂಪು ಗಿಟಾರು. ದೀಪ ಯಾರ ಮೇಲೆ ಬೀಳುತ್ತದೆ ಎಂಬುದು ಅಂದೇ ತೀರ್ಮಾನವಾಯಿತು.

ನಾನು ಅಳುಮೋರೆ ಹಾಕಿಕೊಂಡು ಒಬ್ಬನೇ ಶಿವಮೊಗ್ಗಕ್ಕೆ ಹೋದೆ. ಖಾದರ್ ಭಾಯ್ ಬೈಯಲಿಲ್ಲ. "ನಾನು ಕೇಳಿದ್ನಲ್ಲ, ನೀನೇ ಗೋಣು ಹಾಕ್ದೆ" ಎಂದಷ್ಟೇ ಹೇಳಿ ಚಹಾ ತರಿಸಿದರು. "ಇರ್ಲಿ. ಹಬ್ಬದ ಪ್ರೋಗ್ರಾಂ ಮುಗಿಸ್ಕೊಂಡು ತಗೊಂಬಾ, ಕಂದು ಬಣ್ಣದ್ದು ಕೊಡ್ತೀನಿ. ಆದ್ರೆ ಒಂದು ಮಾತು. ನಿಮ್ಮಪ್ಪಾಜಿಗೆ ಹೇಳಿ ತರಬೇಕು. ಅವರು ಆರಿಸಿದ್ದನ್ನ ಅವರ ಬೆನ್ನ ಹಿಂದೆ ನಾನು ಬದಲಾಯ್ಸಲ್ಲ."

ಅಲ್ಲಿಗೆ ಕತೆ ಕಗ್ಗಂಟಾಯಿತು. ಏಕೆಂದರೆ ಅಪ್ಪ ಅಷ್ಟರಲ್ಲಿ ತನ್ನ ಪಾಳಿಯವರಿಗೆಲ್ಲ ತಂತಿಯ ದಪ್ಪವನ್ನು ವರ್ಣಿಸಿ ಮುಗಿಸಿದ್ದ. ಭಾನುವಾರ ಅವರಲ್ಲಿ ಇಬ್ಬರು ಮನೆಗೇ ಬಂದು, ಗಿಟಾರನ್ನು ಸರದಿಯ ಮೇಲೆ ಎತ್ತಿ ತೂಗಿ, "ಭೇಷ್" ಎಂದು ಹೋಗಿದ್ದರು. ಅದನ್ನು ಹೆಗಲಿಗೆ ಹಾಕಲು ಪಟ್ಟಿ ಇರಲಿಲ್ಲವೆಂದು ಅಪ್ಪ ಗುಜರಿಯಿಂದ ಒಂದು ಚರ್ಮದ ಬೆಲ್ಟು ತಂದು, ದಬ್ಬಳದಲ್ಲಿ ತೂತು ಹಾಕಿ, ಎರಡು ಮಧ್ಯಾಹ್ನದ ನಿದ್ದೆಗೆಟ್ಟು ಹೊಲಿದಿದ್ದ. ಆ ಪಟ್ಟಿ ಭುಜವನ್ನು ಕೊಯ್ಯುತ್ತಿತ್ತು. ಇಂಥವನ ಮುಂದೆ ನಿಂತು, ನೀನು ತಂದದ್ದು ತಪ್ಪು ಗಿಟಾರು ಎಂದು ಹೇಗೆ ಹೇಳುವುದು? ಅದೂ ನಮ್ಮ ಮನೆಯಲ್ಲಿ ಗುಟ್ಟಾಗಿ ಹೇಳುವ ಸೌಕರ್ಯವಿರಲಿಲ್ಲ. ಹೇಳಿದರೆ ಇಡೀ ಸಾಲುಮನೆಗೆ ಕೇಳಿಸುವಂತೆಯೇ ಹೇಳಬೇಕು. ಇವತ್ತು, ನಾಳೆ ಎಂದು ಮುಂದೆ ಹಾಕುತ್ತಾ ಹೋದೆ. ಕೊನೆಗೆ ಪ್ರೋಗ್ರಾಂ ಮುಗಿದ ಕೂಡಲೇ ಹೇಳಿಬಿಡುವುದೆಂದು ನಿರ್ಧಾರ ಮಾಡಿದೆ.

ಹಬ್ಬದ ಸಂಜೆ ಅಪ್ಪ ಎಲ್ಲರಿಗಿಂತ ಮೊದಲೇ ಬಂದು ಮುಂದಿನ ಸಾಲಿನಲ್ಲಿ, ದೊಡ್ಡ ಸ್ಪೀಕರ್ ಪೆಟ್ಟಿಗೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತ. ಆರು ಹಾಡು ಬಾರಿಸಿದೆವು. ಪ್ರಕಾಶ ಮುಂದೆ ಬಂದು ಕಣ್ಣು ಮುಚ್ಚಿದ, ತಂತಿ ಮೇಲೆಳೆದ, ಹೆಂಗಸರ ಸಾಲು ಸುಮ್ಮನಾಯಿತು. ನಾನು ಡ್ರಮ್ಮಿನ ಪಕ್ಕದ ಕತ್ತಲಲ್ಲಿ ಧುಂ ಧುಂ ಎನ್ನುತ್ತಿದ್ದೆ. ಜೀವನದಲ್ಲಿ ಅಷ್ಟು ಸಪ್ಪೆಯಾಗಿ ನಾನು ಎಲ್ಲೂ ನಿಂತದ್ದಿಲ್ಲ. ಕಾರ್ಯಕ್ರಮ ಮುಗಿದಾಗ ಅಮ್ಮ ಬಂದು, "ನಿನ್ನ ಗಿಟಾರು ಕೆಟ್ಟಿತ್ತೇನೋ? ಸದ್ದೇ ಬರ್ಲಿಲ್ಲ" ಎಂದಳು. ಅವಳ ಮೇಲೆ ಸಿಟ್ಟು ಬರುವಷ್ಟೂ ಶಕ್ತಿ ಇರಲಿಲ್ಲ.

ಮನೆಯ ದಾರಿಯಲ್ಲಿ ಗಿಟಾರನ್ನು ಅಪ್ಪನೇ ಹೊತ್ತುಕೊಂಡಿದ್ದ. ಹೇಳಬೇಕಾದ ಮಾತನ್ನು ಬಾಯಲ್ಲಿ ಜೋಡಿಸಿಕೊಂಡು, "ಅಪ್ಪಾ" ಎಂದು ಕೂಗಿದೆ. ಅವನು ನಿಂತ. ನಾನು ಮುಂದುವರಿಸುವ ಮೊದಲೇ ಅವನೇ ಶುರುಮಾಡಿದ.

"ಅಲ್ಲ ಕಣೋ, ಸ್ಟೇಜ್ ಮೇಲೆ ಅಷ್ಟು ಜನ ಕೈಕಾಲು ಆಡಿಸ್ತಿದ್ರು. ನನಗೆ ಕೇಳಿದ್ದು ನಿಂದೊಂದೇ. ಶುರುವಿಂದ ಕೊನೇವರೆಗೂ. ಆ ಕೆಂಪು ಗಿಟಾರಿನ ಹುಡುಗ ಪಾಪ, ಬರೀ ಆಕ್ಟಿಂಗು. ಅವನ ಸದ್ದು ಎಲ್ಲಿ ಬಂತು? ನಾನು ಹೇಳ್ಲಿಲ್ವಾ, ತಂತಿ ದಪ್ಪ ಇರಬೇಕು ಅಂತ."

ಕಾಗೆಗೆ ತನ್ನ ಮರಿಯೇ ಚೆಂದ ಎಂಬಂತೆ ಮಾತಾಡುತ್ತಿದ್ದಾನೆ ಎಂದುಕೊಂಡೆ. ಇಡೀ ಕಾಲೊನಿ ಪ್ರಕಾಶನಿಗೆ ಚಪ್ಪಾಳೆ ಹೊಡೆದಿತ್ತು. ಇವನೊಬ್ಬ ಮಗನ ಮೋಹಕ್ಕೆ ಬಿದ್ದು ಕಣ್ಣೆದುರಿಗಿನ ಸುಳ್ಳನ್ನು ಹೇಳುತ್ತಿದ್ದಾನೆ. ಆದರೂ ಆ ಮುಖ ನೋಡಿ ಜೋಡಿಸಿಟ್ಟ ಮಾತು ಹೊರಗೆ ಬರಲಿಲ್ಲ. "ಹೌದಪ್ಪ" ಎಂದೆ. ಕಂದು ಗಿಟಾರಿಗಾಗಿ ನಾನು ಖಾದರ್ ಭಾಯ್ ಅಂಗಡಿಗೆ ಹೋಗಲೇ ಇಲ್ಲ. ಅದನ್ನು ತ್ಯಾಗ ಎಂದು ಕರೆಯಲಾರೆ. ಹೇಳುವ ಕಷ್ಟಕ್ಕಿಂತ ಹೊರುವ ಕಷ್ಟ ಕಡಿಮೆ ಎನಿಸಿತು, ಅಷ್ಟೆ.

ಮುಂದಿನ ಆರು ವರ್ಷ ಮದುವೆ, ಹಬ್ಬ, ರಾಜ್ಯೋತ್ಸವ ಎಂದು ಎಷ್ಟೋ ವೇದಿಕೆಗಳ ಕತ್ತಲಲ್ಲಿ ನಿಂತೆ. ಒಬ್ಬರೂ ಬಂದು ಚೆನ್ನಾಗಿ ಬಾರಿಸಿದಿರಿ ಎನ್ನಲಿಲ್ಲ. ಊಟದ ಪಂಕ್ತಿಯಲ್ಲಿ ಒಮ್ಮೆ ನನ್ನನ್ನು ಮೈಕ್‌ಸೆಟ್ಟಿನ ಹುಡುಗ ಎಂದುಕೊಂಡು ಬೇರೆ ಕೂರಿಸಿದರು. ಹೋಳಿಗೆ ಅಲ್ಲೂ ಬಂತು, ತಿಂದೆ. ಆಮೇಲೆ ಶಿವಮೊಗ್ಗದ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು, ರವೀಂದ್ರನಗರದಲ್ಲಿ ಬಾಡಿಗೆ ಮನೆ ಹಿಡಿದೆ, ಮದುವೆಯಾಯಿತು. ಗಿಟಾರನ್ನು ಸೆಲ್ವನ ತಮ್ಮ ಒಯ್ದ. ನಾನು ಬೇಡವೆನ್ನಲಿಲ್ಲ.

ಅಪ್ಪ ನಿವೃತ್ತನಾಗಿ ಅಮ್ಮನೊಂದಿಗೆ ನಮ್ಮ ಮನೆಗೆ ಬಂದ ಮೇಲೆ ಒಂದು ಸಂಗತಿ ಬಯಲಿಗೆ ಬಂತು. ಕಾಲೊನಿಯಲ್ಲಿ ಎಲ್ಲರೂ ಕೂಗುವವರೇ ಆಗಿದ್ದರಿಂದ ಯಾರ ಕಿವಿ ಹೇಗಿದೆ ಎಂದು ತಿಳಿಯುತ್ತಲೇ ಇರಲಿಲ್ಲ. ಇಲ್ಲಿ ನೆರೆಮನೆಯವರು ಟಿವಿಯ ಸದ್ದಿಗೆ ಬಾಗಿಲು ತಟ್ಟತೊಡಗಿದರು. ನನ್ನ ಹೆಂಡತಿ ಮೃದುವಾಗಿ ಮಾತಾಡುವ ಮನೆಯವಳು. "ಮಾವ, ಕಾಫಿ ಕೊಡ್ಲಾ?" ಎಂದು ಮೂರು ಸಲ ಕೇಳಿ, ಉತ್ತರ ಬಾರದೆ, ಮಾವನಿಗೆ ತನ್ನ ಮೇಲೆ ಕೋಪ ಎಂದು ಕಣ್ಣೀರು ಹಾಕಿದಳು. ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಕೈ ಎತ್ತಿ ಎಂದರು. ದಪ್ಪ ಸದ್ದಿಗೆಲ್ಲ ಅಪ್ಪ ಚಟಪಟನೆ ಕೈ ಎತ್ತಿದ. ಆಮೇಲೆ ಬಹಳ ಹೊತ್ತು ಕೈ ತೊಡೆಯ ಮೇಲೇ ಇತ್ತು. ಗಾಜಿನ ಈಚೆ ನನಗೆ, ಯಂತ್ರದಿಂದ ಸಣ್ಣಗೆ ಕೀಂ, ಕೀಂ ಎಂಬ ಸದ್ದು ಕೇಳುತ್ತಲೇ ಇತ್ತು.

"ಸುತ್ತಿಗೆ ಸದ್ದಿನ ಹತ್ರ ಕೆಲಸ ಮಾಡಿದೋರಿಗೆ ಹೀಗಾಗುತ್ತೆ" ಎಂದರು ಡಾಕ್ಟರು. "ದಪ್ಪ ಸ್ವರ ಚೆನ್ನಾಗೇ ಕೇಳುತ್ತೆ. ಸಣ್ಣ ಸ್ವರ ಹೋಗಿದೆ. ಇವತ್ತು ನಿನ್ನೆಯದಲ್ಲ ಇದು, ಹೋಗಿ ಹದಿನೈದು ಇಪ್ಪತ್ತು ವರ್ಷ ಆಗಿರಬೇಕು."

ಖಾದರ್ ಭಾಯ್ ಅಂಗಡಿಯಲ್ಲಿ ಮೂರು ಗಿಟಾರು ನುಡಿದಾಗ ಅಪ್ಪ ಮಲಗಿದ್ದು ಬರೀ ನಿದ್ದೆಯಿಂದಲ್ಲ. ಅವುಗಳ ಸದ್ದು ಅವನ ಪಾಲಿಗೆ ಇದ್ದದ್ದೇ ಅಷ್ಟಕ್ಕಷ್ಟೆ. ನಾಲ್ಕನೆಯದು ಕೇಳಿಸಿತು, ಎದ್ದು ಬಂದ. ಪ್ರಕಾಶ ಪಾಪ ಆಕ್ಟಿಂಗು ಮಾಡುತ್ತಿದ್ದ ಎಂದದ್ದು ಮಗನ ಮೇಲಿನ ಮೋಹವಲ್ಲ. ಕೇಳಿಸಿದ್ದನ್ನು ಕೇಳಿಸಿದ ಹಾಗೆ ಹೇಳಿದ್ದ. ಅದನ್ನು ಸುಳ್ಳೆಂದು ತಿಳಿದು, ದೊಡ್ಡ ಮನಸ್ಸು ಮಾಡಿ ಕ್ಷಮಿಸಿ, ಅಷ್ಟು ವರ್ಷ ಬೇಸರದಲ್ಲಿ ಬಾರಿಸಿದವನು ನಾನು. ನನಗೆ ಬಹಳ ನಾಚಿಕೆಯಾಯಿತು.

ಕಿವಿಗೆ ಮಷಿನ್ ಬಂತು. ಮೊದಲ ಎರಡು ದಿನ ಅಪ್ಪ ಮನೆಯೆಲ್ಲ ಅಲೆದ. ಬಳೆಯ ಸದ್ದು, ಒಗ್ಗರಣೆಯ ಸದ್ದು, ಗುಬ್ಬಿಯ ಸದ್ದು ಎಂದು ಒಂದೊಂದನ್ನೂ ನಿಂತು ಕೇಳಿದ. "ನಿಮ್ಮಮ್ಮ ಗೊಣಗೋದು ಇಷ್ಟಿದೆ ಅಂತ ಗೊತ್ತೇ ಇರ್ಲಿಲ್ಲ ಮಾರಾಯ" ಎಂದ. ಮೂರನೆಯ ದಿನ ತನ್ನ ಟ್ರಂಕಿನಿಂದ ಒಂದು ಕ್ಯಾಸೆಟ್ ತೆಗೆದು ಕೊಟ್ಟ. ಕಾಲೊನಿಯ ಆ ಮೊದಲ ಪ್ರೋಗ್ರಾಮಿನದು, ಮೈಕ್‌ಸೆಟ್ಟಿನವನು ರೆಕಾರ್ಡ್ ಮಾಡಿ ಕೊಟ್ಟಿದ್ದನಂತೆ. ಅದು ಅವನ ಹತ್ತಿರ ಇದ್ದದ್ದೇ ನನಗೆ ಗೊತ್ತಿರಲಿಲ್ಲ. ಡೆಕ್ಕಿಗೆ ಹಾಕಿದೆ.

ಪ್ರಕಾಶನ ತಂತಿ ಮೇಲೆದ್ದಾಗ ಅಪ್ಪ ಬೆಚ್ಚಿಬಿದ್ದ. "ಇದು ಯಾರದ್ದು?" ಎಂದ.

"ಪ್ರಕಾಶಂದು. ಕೆಂಪು ಗಿಟಾರು."

"ಇದು?"

"ಸೆಲ್ವನ ಕೀಬೋರ್ಡು."

ಸ್ವಲ್ಪ ಹೊತ್ತು ತಲೆ ತಗ್ಗಿಸಿ ಹಾಡಿಗೆ ಕಿವಿಗೊಟ್ಟ. "ಇಷ್ಟೆಲ್ಲ ಇತ್ತೇನೋ ಅದರಲ್ಲಿ! ಚೆನ್ನಾಗಿದೆ. ನಿಂದು ಎಲ್ಲಿ?"

ಎಲ್ಲಿ ಎಂದು ತೋರಿಸುವುದು? ಅಷ್ಟು ಸದ್ದಿನ ಅಡಿಯಲ್ಲಿ ಅದು ಎಲ್ಲೋ ಇತ್ತು. "ಇದೆಯಪ್ಪ, ಒಳಗಿದೆ" ಎಂದೆ. ಹಾಡು ಮುಗಿಯಿತು. ಅಪ್ಪ ಕಿವಿಯಿಂದ ಮಷಿನ್ ತೆಗೆದು, ಪಂಚೆಯ ಅಂಚಿನಿಂದ ಒರೆಸಿ, ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದ.

"ಇನ್ನೊಂದ್ಸಲ ಹಾಕು" ಎಂದ.

ಹಾಕಿದೆ. ಅಪ್ಪ ಕಣ್ಣು ಮುಚ್ಚಿ, ಕುರ್ಚಿಯ ಕೈಯ ಮೇಲೆ ಒಂದು ಬೆರಳಿನಿಂದ ಬಡಿಯತೊಡಗಿದ. ಒಂದೊಂದು ಪೆಟ್ಟೂ ನನ್ನ ತಂತಿಯ ಮೇಲೇ ಬೀಳುತ್ತಿತ್ತು. ಎರಡನೆಯ ಚರಣ ಮುಗಿಯುವಲ್ಲಿ ನಾನು ಆ ಸಂಜೆ ಎಡವಿದ್ದೆ, ಒಂದು ಪೆಟ್ಟು ತಡವಾಗಿ ಹಾಕಿದ್ದೆ. ಅದು ಸೆಲ್ವನಿಗೂ ಗೊತ್ತಾಗಿರಲಿಲ್ಲ, ನಾನೂ ಯಾರಿಗೂ ಹೇಳಿರಲಿಲ್ಲ. ಆ ಜಾಗ ಬಂತು. ಅಪ್ಪನ ಬೆರಳು ಮೇಲೆದ್ದು ಗಾಳಿಯಲ್ಲೇ ನಿಂತಿತು, ನಾನು ಬರುವವರೆಗೆ ಕಾಯಿತು, ಆಮೇಲೆ ನನ್ನ ಜೊತೆಗೇ ಬಿತ್ತು.